ಮೊನೆಯಿಲ್ಲದ ಚಾಕು

ಒಂದು ಮಗು ಹೆದರಿ ಅಜ್ಜಿಯ ಬೆನ್ನ ಹಿಂದೆ ಅಡಗಿತು. ನಾನು ಚಾಕು ಬದಲಿಸಿದ್ದು ಅದರಿಂದ.

ಆಷಾಢದ ಒಂದು ಬೆಳಿಗ್ಗೆ. ಸಾಗರದಲ್ಲಿ ಬಸ್ಸು ಹತ್ತಿ, ಇಳಿದ ಮೇಲೆ ಎರಡು ಮೈಲಿ ತೋಟದ ದಾರಿಯಲ್ಲಿ ನಡೆದು, ಒಂದು ಮನೆಗೆ ಅಪ್ಪೆಮಿಡಿ ಮಾವಿನ ಕಸಿ ಕಟ್ಟಲು ಹೋಗಿದ್ದೆ. ಕೊಟ್ಟಿಗೆಯ ಮಾಡಿನ ಕೆಳಗೆ ಮಣೆ ಹಾಕಿಸಿಕೊಂಡು ಕೂತೆ. ಚೀಲದಿಂದ ಪ್ಲಾಸ್ಟಿಕ್ ಪಟ್ಟಿ, ಸ್ಪಿರಿಟ್ ಸೀಸೆ, ಒದ್ದೆ ಗೋಣಿಯಲ್ಲಿ ಸುತ್ತಿದ ಕಸಿಕಡ್ಡಿ ಒಂದೊಂದಾಗಿ ಹೊರಗೆ ಬಂದವು. ಆರೇಳು ವರ್ಷದ ಹುಡುಗಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದರ ಹೆಸರನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದಳು. ಕೊನೆಗೆ ಚಾಕು ತೆಗೆದೆ. ಹೊಸದಾಗಿ ತರಿಸಿಕೊಂಡಿದ್ದ ಚಾಕು. ಕಪ್ಪು ಅಲಗು, ಕಪ್ಪು ಹಿಡಿ, ಬೆನ್ನಿನ ಮೇಲೆ ಗರಗಸದಂಥ ಹಲ್ಲು, ಹೆಬ್ಬೆರಳಲ್ಲಿ ಒತ್ತಿದರೆ ಚಟ್ಟನೆ ಬಿಚ್ಚಿಕೊಳ್ಳುವ ಸ್ಪ್ರಿಂಗು. ಒತ್ತಿದೆ. ಆ ಸದ್ದಿಗೇ ಹುಡುಗಿ ಎದ್ದು ಓಡಿ ಅಜ್ಜಿಯ ಸೆರಗು ಹಿಡಿದಳು.

"ಇದೆಂತ ಕತ್ತಿ ತಂಗಿ, ನೋಡಿದ್ರೇ ಎದೆ ಝಲ್ ಅಂತು," ಅಂದರು ಅಜ್ಜಿ.

ಅದೇ ಅಜ್ಜಿ ಹತ್ತು ನಿಮಿಷ ಮೊದಲು ಒಂದೂವರೆ ಅಡಿಯ ಕತ್ತಿಯಲ್ಲಿ ನಾಲ್ಕೇ ಏಟಿಗೆ ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟಿದ್ದರು. ಆಗ ಅದೇ ಹುಡುಗಿ ಕತ್ತಿಯಿಂದ ಒಂದು ಮಾರು ದೂರದಲ್ಲಿ ನಿಂತು ತೆಳ್ಳಗಿನ ಗಂಜಿಗಾಗಿ ಕಾಯುತ್ತಿದ್ದಳು. ಆ ದೊಡ್ಡ ಕತ್ತಿಗೆ ಹೆದರದ ಮಗು ನನ್ನ ಅಂಗೈಯಷ್ಟು ಚಾಕುವಿಗೆ ಹೆದರಿತು. ಅವತ್ತು ಕಸಿ ಮುಗಿಸುವ ತನಕ ಆ ಹುಡುಗಿ ಹತ್ತಿರ ಬರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಚಾಕುವಿಗೆ ಇಷ್ಟೊಂದು ಯೋಚನೆ ಯಾಕೆ ಎಂದು ಅರ್ಥವಾಗುವುದಿಲ್ಲ. ಕಸಿ ಎಂದರೆ ಎರಡು ಗಿಡಗಳ ಗಾಯವನ್ನು ಒಂದಕ್ಕೊಂದು ಕೂಡಿಸಿ ವಾಸಿ ಮಾಡುವ ಕೆಲಸ. ಮಾವಿನ ಗೊರಟೆ ಮೊಳೆತು ಹತ್ತು ಹದಿನೈದು ದಿನಕ್ಕೆ ತಾಮ್ರದ ಬಣ್ಣದ ಎಳೆ ಕಾಂಡ ಬಂದಿರುತ್ತದೆ. ಅದರ ತಲೆ ತೆಗೆದು, ನಟ್ಟನಡುವೆ 3-4 ಸೆಂಟಿಮೀಟರ್ ಸೀಳಬೇಕು. ಬೇಕಾದ ತಾಯಿಮರದ ಕಡ್ಡಿಯನ್ನು, ಅದು ಅನಂತಭಟ್ಟನ ಅಪ್ಪೆಯದೋ ಜೀರಿಗೆ ವಾಸನೆಯ ಯಾವುದಾದರೂ ಹೊಳೆದಂಡೆಯ ಮರದ್ದೋ ಆಗಲಿ, ಅಷ್ಟೇ ಉದ್ದಕ್ಕೆ ಎರಡೂ ಕಡೆ ಇಳಿಜಾರಾಗಿ ಕೆತ್ತಿ ಆ ಸೀಳಿನಲ್ಲಿ ಕೂರಿಸಬೇಕು. ತೊಗಟೆಯ ಒಳಗೆ ಒಂದು ತೆಳ್ಳನೆಯ ಹಸಿರು ಪದರವಿದೆ. ಇದರ ಹಸಿರು ಅದರ ಹಸಿರಿಗೆ ತಾಗಿದರೆ ಮಾತ್ರ ಜೀವ ಹರಿಯುತ್ತದೆ. ಕೆತ್ತಿದ ಮುಖ ಗಾಜಿನಷ್ಟು ನುಣುಪಾಗಿರಬೇಕು. ಅದು ಒಂದೇ ಎಳೆತಕ್ಕೆ ಆಗಬೇಕು. ಎರಡನೇ ಸಲ ಎಳೆದರೆ ನಡುವೆ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಬೂಸಲು ಬರುತ್ತದೆ, ಮೂರು ವಾರಕ್ಕೆ ಕಡ್ಡಿ ಕಪ್ಪಾಗುತ್ತದೆ. ಶರಾವತಿ, ಅಘನಾಶಿನಿ ದಂಡೆಯ ಹಳೆಯ ಅಪ್ಪೆಮರಗಳು ಒಂದೊಂದಾಗಿ ಬೀಳುತ್ತಿರುವಾಗ ಹೀಗೆ ಕಡ್ಡಿ ಸಾಯುವುದೆಂದರೆ ಒಂದು ಗಿಡ ಸತ್ತ ಲೆಕ್ಕವಲ್ಲ. ಗೊರಟೆಯಿಂದ ಹುಟ್ಟಿದ ಗಿಡದಲ್ಲಿ ತಾಯಿಯ ಪರಿಮಳವೇ ಬರುತ್ತದೆ ಎಂಬ ಭರವಸೆಯಿಲ್ಲ. ಆ ವಾಸನೆ ಮುಂದಿನ ಪೀಳಿಗೆಯ ಉಪ್ಪಿನಕಾಯಿ ಭರಣಿಗೆ ಬರಬೇಕಾದರೆ ಕಸಿಯೇ ದಾರಿ.

ಹಾಗಾಗಿ ಹರಿತ ನನಗೆ ಬಿಟ್ಟುಕೊಡಲಾಗದ ಮಾತು. ಆದರೆ ನಾನು ದಿನವಿಡೀ ಕಸಿ ಕಟ್ಟುತ್ತ ಕೂರುವವಳಲ್ಲ. ಬಸ್ಸಿನಲ್ಲಿ ಓಡಾಡುತ್ತೇನೆ, ಸಂತೆಗೆ ಹೋಗುತ್ತೇನೆ, ಸೊಸೈಟಿಯ ಸಭೆಯಲ್ಲಿ ಕೂರುತ್ತೇನೆ, ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತೇನೆ. ಇಷ್ಟಕ್ಕೂ ಒಂದೇ ಚೀಲ, ಒಂದೇ ಚಾಕು. ಕೆಲಸಕ್ಕೊಂದು, ಅಡಿಗೆಗೊಂದು, ಕಾಡಿಗೊಂದು ಎಂದು ಮೂರು ಹೊತ್ತು ತಿರುಗಿ ನೋಡಿದ್ದೇನೆ. ಬೇಕಾದಾಗ ಬೇಕಾದ್ದು ಮನೆಯಲ್ಲಿ ಉಳಿದಿರುತ್ತದೆ. ಹೋದ ಮನೆಯವರು, ಪಕ್ಕದ ಸೀಟಿನವರು, ಮಕ್ಕಳು, ಇವರ ಎದುರಿಗೆ ಧಾರಾಳವಾಗಿ ತೆಗೆಯಬಹುದಾದ ಒಂದೇ ಚಾಕು ನನಗೆ ಬೇಕಿತ್ತು.

ನಮ್ಮ ಕಡೆ ಮನೆಯೊಳಗೆ ಎಷ್ಟು ಅಲಗುಗಳಿರುತ್ತವೆ ಎಂದು ಒಮ್ಮೆ ಎಣಿಸಿ ನೋಡಿ. ಸೊಪ್ಪು ಕಡಿಯುವ ಕತ್ತಿ ಗಂಡಸರ ಬೆನ್ನ ಹಿಂದೆ, ಸೊಂಟಕ್ಕೆ ಕಟ್ಟಿದ ಕೊಕ್ಕೆಯಲ್ಲಿ ತೂಗುತ್ತದೆ. ಹುಲ್ಲಿಗೆ ಕುಡುಗೋಲು. ಅಡಿಗೆಮನೆಗೆ ಈಳಿಗೆಮಣೆ. ಕವಳದ ತಟ್ಟೆಗೆ ಅಡಕತ್ತರಿ. ಸುಗ್ಗಿಯ ಕಾಲದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ: ಚಪ್ಪರದ ಕೆಳಗೆ ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂತು, ಮೇಲ್ಮುಖವಾಗಿ ನಿಂತ ಅಲಗಿಗೆ ಹಸಿ ಅಡಿಕೆ ಒತ್ತುತ್ತ, ರಾತ್ರಿ ಹನ್ನೊಂದರ ತನಕ ಮಾತು ಹಾಡು ನಡೆಸುತ್ತಾರೆ. ಪಕ್ಕದಲ್ಲೇ ಹಸುಳೆಗಳು ಮಲಗಿರುತ್ತವೆ. ಬಾಣಂತಿಯ ತಲೆದಿಂಬಿನ ಕೆಳಗೆ ಸಣ್ಣ ಕತ್ತಿಯಿಡುತ್ತಿದ್ದರು, ಭಯ ಹತ್ತಿರ ಬಾರದಿರಲಿ ಅಂತ. ಭಯ ಹುಟ್ಟಿಸಲು ಅಲ್ಲ, ಹೋಗಲಾಡಿಸಲು ಅಲಗು. ಆಯುಧಪೂಜೆಯ ದಿನ ಇವಕ್ಕೆಲ್ಲ ಕುಂಕುಮ, ಹೂವು, ಒಂದು ದಿನದ ರಜೆ.

ಇವುಗಳಲ್ಲಿ ಈಳಿಗೆಮಣೆಯ ಮೇಲೆ ನನಗೆ ವಿಶೇಷ ಗೌರವ. ಅದರಲ್ಲಿ ಅಲಗು ಕೂತೇ ಇರುತ್ತದೆ, ಸೌತೆಕಾಯಿ ಅದರ ಬಳಿಗೆ ಹೋಗುತ್ತದೆ. ಯಾರ ಕಡೆಗೂ ಬೀಸಲಾಗದ, ಕಾಲಡಿಯ ಮಣೆ ಬಿಟ್ಟು ಏಳಲಾಗದ ಕತ್ತಿ ಅದು. ಅಷ್ಟು ಹರಿತ, ಅಷ್ಟು ಸೌಮ್ಯ. ಚೀಲದಲ್ಲಿ ಇಟ್ಟುಕೊಂಡು ಓಡಾಡುವ ಹಾಗಿದ್ದರೆ ನನ್ನ ಹುಡುಕಾಟ ಅಲ್ಲಿಗೇ ಮುಗಿಯುತ್ತಿತ್ತು.

ಇವು ಯಾವುದಕ್ಕೂ ಹೆದರದವರು ಚಾಕು ಎಂದೊಡನೆ ಯಾಕೆ ಹಿಂದೆ ಸರಿಯುತ್ತಾರೆ? ಪದದಲ್ಲೇ ಒಂದು ಕಾರಣವಿದೆ. ಕತ್ತಿ ಎಂದಾಗ ತೋಟ ಕಾಣುತ್ತದೆ, ಕುಡುಗೋಲು ಎಂದಾಗ ಗದ್ದೆ. ಚಾಕು ಎಂಬ ಮಾತು ನಮಗೆ ಹೆಚ್ಚಾಗಿ ಸಿಗುವುದು ಪತ್ರಿಕೆಯ ಮೂಲೆಯಲ್ಲಿ, ಇರಿತ ಎಂಬ ಮಾತಿನ ಜೊತೆಗೆ. ಸಿನಿಮಾದ ಪಾಲೂ ಇದೆ. 1995ರಲ್ಲಿ 'ಓಂ' ಬಂದ ಮೇಲೆ ಲಾಂಗು ಹಿಡಿದ ರೌಡಿಗಳ ಚಿತ್ರಗಳ ಸಾಲೇ ಬಂತು. ಪೇಟೆಯಲ್ಲಿ ಬೆಳೆದ ಮಕ್ಕಳು ತೋಟದ ಮಚ್ಚನ್ನು ಮೊದಲು ನೋಡುವುದು ತೆರೆಯ ಮೇಲೆ. ಆದರೆ ಪದಕ್ಕಿಂತ ದೊಡ್ಡ ಕಾರಣ ರೂಪ. ಅಜ್ಜಿಯ ಕತ್ತಿಯನ್ನು ನೋಡಿದರೆ ಅದು ಏನು ಮಾಡಲಿಕ್ಕಿದೆ ಎಂದು ಗೊತ್ತಾಗುತ್ತದೆ. ಹಿಡಿಗೆ ಸುತ್ತಿದ ಹಗ್ಗ, ಅಲಗಿಗೆ ಅಂಟಿದ ಬಾಳೆಯ ಕಲೆ, ನಡುವೆ ಸವೆದ ಬಾಯಿ, ಎಲ್ಲವೂ ಕೆಲಸದ ಗುರುತು. ನನ್ನ ಕಪ್ಪು ಚಾಕು ಏನು ಮಾಡಲಿಕ್ಕೆ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಅಥವಾ ಬೇರೆಯೇ ತಿಳಿಯುತ್ತದೆ.

ಹೆಂಗಸಿನ ಚೀಲದಲ್ಲಿ ಚಾಕು ಕಂಡರೆ ಇನ್ನೊಂದು ಪ್ರಶ್ನೆ ಗ್ಯಾರಂಟಿ. "ರಕ್ಷಣೆಗಾ ಅಕ್ಕಾ?" ಬಸ್ಸಿನ ಕಂಡಕ್ಟರು ಕೇಳಿದ್ದಾನೆ, ಬ್ಯಾಂಕಿನ ಬಾಗಿಲಲ್ಲಿ ನಿಂತವರು ಕೇಳಿದ್ದಾರೆ, ನನ್ನ ಚಿಕ್ಕಮ್ಮನೂ ಕೇಳಿದ್ದಾರೆ. ಅಲ್ಲ, ಕಸಿ ಕಟ್ಟಲಿಕ್ಕೆ ಎಂದರೆ ನಂಬುವುದಿಲ್ಲ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಸಾಧನ ಹಿಡಿದ ಗಂಡಸು ಕೆಲಸಕ್ಕೆ ಹೊರಟವನು, ಅದೇ ಸಾಧನ ಹಿಡಿದ ಹೆಂಗಸು ಹೆದರಿದವಳು ಎಂದು ಜನ ತಾವೇ ತೀರ್ಮಾನಿಸಿಬಿಡುತ್ತಾರೆ. ನಾನು ಹೆದರಿ ಚಾಕು ಇಟ್ಟುಕೊಂಡವಳಲ್ಲ. ಕೈಯಲ್ಲಿ ಕಸುಬಿದೆ, ಅದಕ್ಕೆ ಅಲಗು ಬೇಕು. ಆ ಕಸುಬು ಚಾಕು ನೋಡಿದ ಕೂಡಲೇ ಕಾಣಬೇಕು ಎಂಬ ಹಟವೂ ನನ್ನ ಹುಡುಕಾಟದಲ್ಲಿ ಸೇರಿಕೊಂಡಿತು.

ಕಾನೂನು ಏನು ಹೇಳುತ್ತದೆ ಎಂದು ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆವಾರ್ತೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಡುತ್ತವೆ. ಅಜ್ಜಿಯ ಕತ್ತಿ ಉಳಿಯುವುದು ಆ ಮಾತಿನಿಂದ. ಉದ್ದ ಎಷ್ಟು ಎನ್ನುವ ಜೊತೆಗೇ ಯಾವುದಕ್ಕೆಂದು ಮಾಡಿದ್ದು ಎಂದು ಕಾನೂನೂ ಕೇಳುತ್ತದೆ, ಆ ಹುಡುಗಿ ಕಣ್ಣಲ್ಲೇ ಕೇಳಿದ ಹಾಗೆ. ನನಗೆ ಬೇಕಾದದ್ದು 3 ಇಂಚು. ಕಾನೂನಿನ ಗಡಿ ದೂರವೇ ಇತ್ತು. ಆದರೆ ಕಾನೂನು ಒಪ್ಪಿದ ಚಾಕುವನ್ನೆಲ್ಲ ಮಗು ಒಪ್ಪುವುದಿಲ್ಲವಲ್ಲ.

ಹುಡುಕುತ್ತ ಹೋದಾಗ ಎರಡು ಜಾಗಗಳ ಕತೆ ಸಿಕ್ಕಿತು. ಎರಡೂ ಮಡಚುವ ಚಾಕುವಿನಿಂದ ಹೆಸರಾದವು. ಒಂದು ಉತ್ತರ ಪ್ರದೇಶದ ರಾಂಪುರ. ನವಾಬರ ಕಾಲದಿಂದ ಅಲ್ಲಿ ಒಳ್ಳೆಯ ಕುಶಲಿಗಳಿದ್ದರು. ಅವರ ಚಾಕುವಿನ ಅಲಗು ಉದ್ದ, ಬಿಚ್ಚುವಾಗ ಬರುವ ಟಕಟಕ ಸದ್ದು ಅದರ ಗುರುತು. ಹಿಂದಿ ಸಿನಿಮಾ ಆ ಸದ್ದನ್ನು ಖಳನಾಯಕನ ಕೈಗೆ ಕೊಟ್ಟಿತು. ಮುಂದೆ 1990ರ ದಶಕದಲ್ಲಿ ಅಲ್ಲಿನ ಸರ್ಕಾರ 4.5 ಇಂಚಿಗಿಂತ ಉದ್ದದ ಅಲಗಿಗೆ ತಡೆ ಹಾಕಿತು. ಕಸುಬು ಸೊರಗಿತು. ಈಗ ಊರಿನ ವೃತ್ತವೊಂದರಲ್ಲಿ ಇಪ್ಪತ್ತು ಅಡಿಯ ಚಾಕುವನ್ನು ಸ್ಮಾರಕದಂತೆ ನಿಲ್ಲಿಸಿದ್ದಾರೆ. ಒಂದೊಂದು ಚಾಕುವಿನ ಹಿಂದೆ ಕುಲುಮೆಯ ಮುಂದೆ ಬೆವರಿದ ಒಬ್ಬ ಮನುಷ್ಯ ಇದ್ದಾನೆ. ಅವನ ಹಿತ್ತಾಳೆ ಕುಸುರಿಯನ್ನು ಯಾರೂ ನೋಡಲಿಲ್ಲ, ಸದ್ದನ್ನು ಮಾತ್ರ ಕೇಳಿದರು. ಇದು ನನಗೆ ನಿಜವಾಗಿ ನೋವು ಕೊಟ್ಟ ಕತೆ.

ಇನ್ನೊಂದು ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸವೋಯ್ ಸೀಮೆ. ಅಲ್ಲಿ ಜೋಸೆಫ್ ಒಪಿನೆಲ್ ಎಂಬ ಹಳ್ಳಿಯ ಕಮ್ಮಾರರ ಮನೆಯ ಹುಡುಗ 1890ರಲ್ಲಿ ಒಂದು ಸರಳ ಚಾಕು ಮಾಡಿದ. ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಲೋಹದ ಪಟ್ಟಿ. 1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಗಳಾದವು. ಜನ ಹೆಚ್ಚು ಇಷ್ಟಪಟ್ಟಿದ್ದು 8ನೇ ನಂಬರು, ಅದರ ಅಲಗು 8.5 ಸೆಂಟಿಮೀಟರ್. 1955ರಲ್ಲಿ ಕುತ್ತಿಗೆಗೆ ಒಂದು ತಿರುಗುವ ಉಂಗುರ ಸೇರಿಸಿದರು, ಅಲಗು ಬೆರಳ ಮೇಲೆ ಮಡಚಿಕೊಳ್ಳದಿರಲಿ ಅಂತ. ಬಿಚ್ಚಲು ಎರಡು ಕೈ ಬೇಕು, ಉಗುರಿಟ್ಟು ಎಳೆಯಬೇಕು, ಉಂಗುರ ತಿರುಗಿಸಬೇಕು. ಈ ನಿಧಾನದಲ್ಲೇ ಅದರ ಸೌಮ್ಯತೆ ಇದೆ. ರೈತರ ಜೇಬಿನಿಂದ ಹೊರಟ ಆ ಚಾಕು ರೊಟ್ಟಿ, ಗಿಣ್ಣುಗಳ ಪಕ್ಕದಲ್ಲೇ ಉಳಿಯಿತು.

ರಾಂಪುರದಲ್ಲೂ ಸವೋಯ್‌ನಲ್ಲೂ ಮಡಚುವ ಚಾಕುವೇ. ಒಂದಕ್ಕೆ ಉದ್ದ, ಸದ್ದು. ಇನ್ನೊಂದಕ್ಕೆ ಗಿಡ್ಡ ಅಲಗು, ನಿಧಾನ, ಮರದ ಬಣ್ಣ. ಅಷ್ಟೇ ವ್ಯತ್ಯಾಸಕ್ಕೆ ಅವುಗಳ ಹಣೆಬರಹ ಹೀಗೆ ಬೇರೆಯಾಯಿತು. ಸ್ವಿಸ್ ಚಾಕುವಿನದೂ ಇಂಥದೇ ಕತೆ. 1884ರಲ್ಲಿ ಇಬಾಖ್ ಎಂಬಲ್ಲಿ ಅಂಗಡಿ ಹಾಕಿದ ಕಾರ್ಲ್ ಎಲ್ಸೆನರ್ ಸೈನಿಕರಿಗೆ ಚಾಕು ಮಾಡಿಕೊಟ್ಟವನು, 1897ರಲ್ಲಿ ಅದರ ನಯವಾದ ರೂಪವನ್ನು ನೋಂದಾಯಿಸಿದ. ತಾಯಿ ವಿಕ್ಟೋರಿಯಾ ತೀರಿಕೊಂಡ ಮೇಲೆ ಅವಳ ಹೆಸರನ್ನೇ ಕಂಪನಿಗೆ ಇಟ್ಟ. ಆಮೇಲೆ ತುಕ್ಕುಹಿಡಿಯದ ಉಕ್ಕಿನ ಹೆಸರೂ ಸೇರಿ ಅದು ವಿಕ್ಟೋರಿನಾಕ್ಸ್ ಆಯಿತು. ಸೈನ್ಯದ ಹೆಸರು ಹೊತ್ತ ಆ ಕೆಂಪು ಚಾಕುವನ್ನು ಕಂಡು ಯಾವ ಮಗುವೂ ಓಡುವುದಿಲ್ಲ. ಕತ್ತರಿ, ಮುಚ್ಚಳ ತೆಗೆಯುವ ಕೊಕ್ಕೆ, ಸ್ಕ್ರೂಡ್ರೈವರು ಒಟ್ಟಿಗೆ ಕೂತಿರುವಾಗ ಅಲಗು ಅವುಗಳಲ್ಲಿ ಒಂದು, ಅಷ್ಟೆ. ಬಹಳ ಜನರಿಗೆ ನಾನು ಅದನ್ನೇ ಕೊಳ್ಳಲು ಹೇಳುತ್ತೇನೆ. ನನಗೆ ಮಾತ್ರ ಅದರ ಹಿಡಿ ಒಗ್ಗಲಿಲ್ಲ. ದಿನಕ್ಕೆ ನೂರು ಕಸಿಗೆ ಕೂತಾಗ ಅಂಗೈ ತುಂಬುವ ದುಂಡು ಮರವೇ ಬೇಕು.

ಗುಡ್ಡದ ವಿಷಯಕ್ಕೆ ಬರುತ್ತೇನೆ. ಕಾಡಿಗೆ ಹೋಗುವವರಿಗೆ ದೊಡ್ಡ ಚಾಕು ಬೇಕು ಎಂದು ನಾನೂ ನಂಬಿದ್ದೆ. ಒಂದು ಡಿಸೆಂಬರಿನಲ್ಲಿ ಗೆಳತಿಯರ ಜೊತೆ ಹಿಡ್ಲುಮನೆ ಜಲಪಾತದ ದಾರಿಯಾಗಿ ಕೊಡಚಾದ್ರಿ ಹತ್ತಿದೆ. 1,343 ಮೀಟರಿನ ಗುಡ್ಡ, ಎರಡು ದಿನದ ಓಡಾಟ. ಚಾಕು ಎಷ್ಟು ಸಲ ಹೊರಗೆ ಬಂತು, ಯಾಕೆ ಬಂತು ಎಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟೆ. ಸೌತೆಕಾಯಿ, ಕಿತ್ತಳೆ, ಅವಲಕ್ಕಿಯ ಪ್ಯಾಕೆಟ್ಟು, ಟಾರ್ಪಾಲಿನ ಹಗ್ಗ, ಚಪ್ಪಲಿಯ ಕಿತ್ತ ಬಾರು, ಒಬ್ಬಳ ಕಾಲಿಗೆ ಕಟ್ಟಲು ಹರಿದ ಪಂಚೆಯ ಪಟ್ಟಿ, ಮತ್ತೆ ಸೌತೆಕಾಯಿ. ಎರಡು ದಿನದಲ್ಲಿ ಕತ್ತರಿಸಿದ ಅತಿ ದಪ್ಪದ ವಸ್ತು ಅದೇ ಸೌತೆಕಾಯಿ. ಅಲ್ಲಿ ಮರ ಕಡಿಯುವ ಪ್ರಶ್ನೆಯೇ ಇಲ್ಲ. ಅದು ಮೂಕಾಂಬಿಕಾ ಅಭಯಾರಣ್ಯ, ಒಂದು ರೆಂಬೆ ಮುರಿಯುವಂತಿಲ್ಲ, ಮುರಿಯಲೂ ಬಾರದು. ಮಳೆಗಾಲದಲ್ಲಿ ಹೋದರೂ ಉಂಬಳಕ್ಕೆ ಸುಣ್ಣ ಸಾಕು. ದೊಡ್ಡ ಚಾಕು ಹೊತ್ತು ಕಾಡಿಗೆ ಹೋಗುವವರು ಒಮ್ಮೆ ಹೀಗೆ ಲೆಕ್ಕ ಬರೆದು ನೋಡಲಿ.

ಅಳತೆ ನಿಶ್ಚಯವಾಯಿತು. ಇನ್ನು ಹಿಡಿಯ ಮರ, ಅಲಗಿನ ಉಕ್ಕು. ನಮ್ಮ ಮಳೆಯಲ್ಲಿ ಇವು ಸಣ್ಣ ಮಾತಲ್ಲ. ಹಿಂದೆ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಮರದ ಹಿಡಿಯ ಒಂದು ಚಾಕು ಕೊಂಡಿದ್ದೆ, ಬೇಸಿಗೆಯಲ್ಲಿ ಬೆಣ್ಣೆಯಂತೆ ಬಿಚ್ಚುತ್ತಿತ್ತು. ಜುಲೈ ಬಂತು, ಹಿಡಿಯ ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಂಡಿತು. ಉಗುರು ಹರಿದರೂ ಬಿಚ್ಚಲಿಲ್ಲ. ಮೆದು ಮರಕ್ಕೆ ಮಲೆನಾಡು ಆಗಿಬರುವುದಿಲ್ಲ. ಬೀಟೆಯಂಥ ಎಣ್ಣೆಯಂಶದ ಗಟ್ಟಿ ಮರ ಅಷ್ಟು ಉಬ್ಬುವುದಿಲ್ಲ. ಅಲಗಿನಲ್ಲಿ ಎರಡು ದಾರಿ. ಸ್ಟೇನ್‌ಲೆಸ್ ಎಂದರೆ ಶೇಕಡಾ ಹತ್ತೂವರೆಗಿಂತ ಹೆಚ್ಚು ಕ್ರೋಮಿಯಂ ಬೆರೆತ ಉಕ್ಕು, ಒರೆಸದೆ ಇಟ್ಟರೂ ಸುಲಭಕ್ಕೆ ತುಕ್ಕು ಹಿಡಿಯದು. ಹಳೆಯ ಬಗೆಯ ಉಕ್ಕಿಗೆ ಒಂದು ರಾತ್ರಿಯ ಮರೆವು ಸಾಕು, ಬೆಳಿಗ್ಗೆ ಕೆಂಪು ಚುಕ್ಕಿ. ಆದರೆ ಅದು ಕಲ್ಲಿಗೆ ಬೇಗ ಒಲಿಯುತ್ತದೆ, ನಾಲ್ಕು ಸಲ ಎಳೆದರೆ ಬಾಯಿ ಬರುತ್ತದೆ. ಮಾವಿನ ಸೊನೆ ತಾಗುತ್ತ ತಾಗುತ್ತ ಅದರ ಮೈ ಬೂದುನೀಲಿಯಾಗುತ್ತದೆ. ಆ ಬಣ್ಣವೇ ಮುಂದೆ ತುಕ್ಕಿಗೆ ಒಂದಿಷ್ಟು ತಡೆ. ಸಂಜೆ ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಹನಿ ಕೊಬ್ಬರಿಎಣ್ಣೆ ಸವರಿಟ್ಟರೆ ಆಯಿತು. ಹಲಸಿನ ಮೇಣ ಹಿಡಿದರೂ ಅದೇ ಎಣ್ಣೆ. ದಿನಾ ಮುಟ್ಟುವ ಕಸುಬಿನವರಿಗೆ ಹಳೆಯ ಉಕ್ಕು, ತಿಂಗಳಿಗೊಮ್ಮೆ ತೆಗೆಯುವವರಿಗೆ ಸ್ಟೇನ್‌ಲೆಸ್ ಎಂದು ನಾನು ಹೇಳುತ್ತೇನೆ.

ಕೊನೆಗೆ ಶಿವಮೊಗ್ಗದ ಒಂದು ಕೃಷಿ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯ ತಳದಲ್ಲಿ ಅದು ಸಿಕ್ಕಿತು. ಬೀಟೆ ಮರದ ಹಿಡಿ, ಎರಡು ಹಿತ್ತಾಳೆ ಮೊಳೆ, 3 ಇಂಚಿನ ನೇರ ಬಾಯಿಯ ತೆಳ್ಳನೆ ಅಲಗು. ಶುದ್ಧ ಕಸಿ ಚಾಕುವಿಗೆ ಒಂದೇ ಕಡೆ ಸಾಣೆ ಇರುತ್ತದೆ, ಮುಖ ಸಪಾಟಾಗಿ ಬರಲಿ ಅಂತ. ಆದರೆ ಅದರಲ್ಲಿ ಹಣ್ಣು ಹೆಚ್ಚಿದರೆ ಓರೆಯಾಗಿ ಹೋಗುತ್ತದೆ. ಇದಕ್ಕೆ ಎರಡೂ ಕಡೆ ಸಮನಾದ ಸಾಣೆ, ಅಲಗು ತೆಳುವಾದ್ದರಿಂದ ಕಸಿಗೂ ನಡೆಯುತ್ತದೆ. ಒಂದೇ ಚಾಕು ಬೇಕೆನ್ನುವವರು ಇಂಥ ಕಡೆ ಸ್ವಲ್ಪ ಬಿಟ್ಟುಕೊಡಬೇಕು. ನಾನು ಬಿಟ್ಟುಕೊಟ್ಟೆ.

ಒಂದೇ ಕೊರತೆ ಇತ್ತು. ಮೊನೆ. ಅಲಗಿನ ತುದಿ ಚೂಪಾಗಿ ಮುಂದೆ ಚಾಚಿತ್ತು. ಚಾಕು ಅಷ್ಟು ಚಿಕ್ಕದಾದರೂ ತೆಗೆದಾಗ ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದುದು ಆ ತುದಿಗೆ. ಕೊಯ್ಯುವುದು ಬಾಯಿ, ಹೆದರಿಸುವುದು ಮೊನೆ. ಕಸಿಯಲ್ಲಿ ಮೊನೆಗೆ ಕೆಲಸವಿಲ್ಲ. ಸೌತೆಕಾಯಿಗೂ ಇಲ್ಲ, ಹಗ್ಗಕ್ಕೂ ಇಲ್ಲ. ನನ್ನ ಕೊಡಚಾದ್ರಿಯ ಪುಸ್ತಕ ತೆಗೆದು ನೋಡಿದೆ. ಒಂದು ಕಡೆಯೂ ಚುಚ್ಚಿದ್ದಿಲ್ಲ, ಎಲ್ಲ ಕೊಯ್ದದ್ದು. ಆಮೇಲೆ ಓದಿ ತಿಳಿದೆ, 1669ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಊಟದ ಮೇಜಿನ ಮೇಲೂ ಬೀದಿಯಲ್ಲೂ ಮೊನೆಯಿರುವ ಚಾಕು ಕೂಡದೆಂದು ಆಜ್ಞೆ ಹೊರಡಿಸಿದ್ದನಂತೆ. ಅಲುಗಾಡುವ ಹಡಗಿನ ಮೇಲೆ ಹಗ್ಗ ಕೊಯ್ಯುವ ನಾವಿಕರು ಕೂಡ ಮೊಂಡು ತುದಿಯ ಚಾಕುವನ್ನೇ ಇಟ್ಟುಕೊಂಡರು.

ಚಾಕು ತೆಗೆದುಕೊಂಡು ನಮ್ಮೂರ ಕುಲುಮೆಗೆ ಹೋದೆ. ಲಾರಿಯ ಹಳೆಯ ಪಟ್ಟಾ ಕಾಯಿಸಿ ಕತ್ತಿ ಬಡಿಯುತ್ತಿದ್ದರು ಆಚಾರ್ರು.

"ಇದರ ಮೂತಿ ತೆಗೆದುಕೊಡಿ ಆಚಾರ್ರೇ," ಅಂದೆ.

ಅವರು ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಲ್ರೂ ಚೂಪು ಮಾಡ್ಕೊಡಿ ಅಂತ ಬರ್ತಾರೆ. ನೀವೆಂತ ಅಮ್ಮಾ, ಇದ್ದ ಚೂಪು ತೆಗೀರಿ ಅಂತೀರಿ?"

ಹುಡುಗಿಯ ಕತೆ ಹೇಳಿದೆ. ಅವರು ಮಾತಾಡಲಿಲ್ಲ. ಸಾಣೆಚಕ್ರ ತಿರುಗಿಸಿ, ಅಲಗಿನ ಬೆನ್ನಿನ ಕಡೆಯಿಂದ ತುದಿಯನ್ನು ಇಳಿಜಾರಾಗಿ ಸವೆಸತೊಡಗಿದರು. ಒಂದು ಸಲ ತಾಗಿಸುವುದು, ಕೂಡಲೇ ನೀರಿಗೆ ಅದ್ದುವುದು, ತಾಗಿಸುವುದು, ಅದ್ದುವುದು. ಅವಸರ ಮಾಡಿದರೆ ಅಲಗು ಕಾದು ನೀಲಿಗಟ್ಟುತ್ತದೆ, ನೀಲಿಗಟ್ಟಿದರೆ ಹದ ಹೋಯಿತು, ಅಲ್ಲಿಗೆ ಉಕ್ಕು ಮೆದುವಾಗಿ ಬಾಯಿ ನಿಲ್ಲುವುದಿಲ್ಲ. ಸಣ್ಣ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ತುದಿ ಕುರಿಯ ಗೊರಸಿನ ಹಾಗೆ ಮೊಂಡಾಗಿ, ದುಂಡಗೆ ಬಂತು. ಬಾಯಿ ಮಾತ್ರ ಬುಡದಿಂದ ತುದಿಯವರೆಗೆ ನೇರವಾಗಿ ಹಾಗೇ ಇತ್ತು. ತಮ್ಮ ಮುಂಗೈಯ ಕೂದಲ ಮೇಲೆ ಒಮ್ಮೆ ಎಳೆದು ನೋಡಿ, ಚಾಕುವನ್ನು ಅಡಿಗಲ್ಲಿನ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ. ಅಲಗನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಾನು ಈ ರೂಢಿಯನ್ನು ಮನಸಾರೆ ಒಪ್ಪುತ್ತೇನೆ. ಅಲಗು ಇಬ್ಬರ ನಡುವೆ ಗಾಳಿಯಲ್ಲಿ ಇರಬಾರದು.

ಮೊನೆ ಹೋದದ್ದರಿಂದ ಇನ್ನೊಂದು ಲಾಭ ಆಯಿತು, ಅದನ್ನು ಮೊದಲು ಎಣಿಸಿರಲಿಲ್ಲ. ನನ್ನ ಚಾಕುವಿಗೆ ಬೀಗವಿಲ್ಲ, ಒಳಗಿನ ಪಟ್ಟಿಯ ಬಿಗಿಯಲ್ಲೇ ಅಲಗು ನಿಲ್ಲುತ್ತದೆ. ಬೀಗವಿಲ್ಲದ ಚಾಕು ಬೆರಳ ಮೇಲೆ ಮುಚ್ಚಿಕೊಳ್ಳುವುದು ಹೆಚ್ಚಾಗಿ ತುದಿಯಿಂದ ಚುಚ್ಚಲು ಹೋದಾಗ. ಕೊಯ್ಯುವಾಗ ನಮ್ಮ ಒತ್ತಡವೇ ಅಲಗನ್ನು ತೆರೆದು ಹಿಡಿಯುತ್ತದೆ. ಚುಚ್ಚಲು ಮೊನೆಯೇ ಇಲ್ಲದ ಮೇಲೆ ಕೈ ಆ ಕಡೆ ಹೋಗುವುದಿಲ್ಲ.

ಕಲ್ಲಿನ ಬಗ್ಗೆ ಎರಡೇ ಮಾತು. ಮನೆಯಲ್ಲಿ ಒಂದು ಕಡೆ ಉರುಟು, ಇನ್ನೊಂದು ಕಡೆ ನಯ ಇರುವ ಸಾಣೆಕಲ್ಲು ಇದೆ. ಅಲಗನ್ನು ಕಲ್ಲಿಗೆ ಹದಿನೈದು ಇಪ್ಪತ್ತು ಡಿಗ್ರಿ ವಾಲಿಸಿ, ನೀರು ಚಿಮುಕಿಸಿ, ಎರಡೂ ಕಡೆ ಸಮನಾಗಿ ಎಳೆಯುತ್ತೇನೆ. ಕಸಿಯ ಕಾಲದಲ್ಲಿ ಪ್ರತಿ ಸಂಜೆ. ಮೊಂಡು ಚಾಕುವಿನಿಂದ ಅಪಾಯವಿಲ್ಲ ಎಂದು ತಿಳಿದವರಿದ್ದಾರೆ. ತುದಿ ಮೊಂಡಾದರೆ ಸರಿ, ಬಾಯಿ ಮೊಂಡಾಗಬಾರದು. ಬಾಯಿ ಮೊಂಡಾದ ಚಾಕುವನ್ನು ಬಲ ಹಾಕಿ ಒತ್ತಬೇಕಾಗುತ್ತದೆ, ಜಾರುವುದು ಆಗಲೇ. ನನ್ನ ಎಡಗೈ ಹೆಬ್ಬೆರಳಿನ ಗಾಯದ ಗುರುತುಗಳೆಲ್ಲ ಮೊಂಡು ಅಲಗಿನವು.

ಮರುವರ್ಷ ಅದೇ ಮನೆಗೆ ಹೋದೆ. ಹಿಂದಿನ ಸಲ ಕಟ್ಟಿದ್ದರಲ್ಲಿ ಕೆಲವು ಹಿಡಿದಿರಲಿಲ್ಲ, ಮತ್ತೆ ಕಟ್ಟಬೇಕಿತ್ತು. ಹುಡುಗಿ ಒಂದು ಗೇಣು ಎತ್ತರವಾಗಿದ್ದಳು. ಚೀಲ ತೆಗೆಯುವಾಗ ಬಾಗಿಲ ಬಳಿಯೇ ನಿಂತು ನೋಡಿದಳು. ನಾನು ಚಾಕುವನ್ನು ಮುಚ್ಚಿದ ಹಾಗೇ ಮಣೆಯ ಮೇಲೆ ಇಟ್ಟೆ. ಕಡ್ಡಿ ಒರೆಸಿದೆ, ಪಟ್ಟಿ ಕತ್ತರಿಸಲು ಚಾಕು ಎತ್ತಿ, ಉಗುರಿಟ್ಟು ನಿಧಾನಕ್ಕೆ ಬಿಚ್ಚಿದೆ.

"ಇದು ಆ ಕಪ್ಪು ಚಾಕು ಅಲ್ಲ," ಅಂದಳು.

"ಅಲ್ಲ. ಇದು ಕಸಿ ಕಟ್ಟೋ ಚಾಕು."

ಹತ್ತಿರ ಬಂದು ಕೂತಳು. ಅವತ್ತು ಪ್ಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನು ಹಿಡಿದುಕೊಟ್ಟವಳು ಅವಳೇ. ಇಬ್ಬರೂ ಸೇರಿ 22 ಗಿಡ ಕಟ್ಟಿದೆವು, 19 ಚಿಗುರಿದವು.